ವಾಯಿದೆ ಸಾಹೇಬರ ಮುಷ್ಕರ

ಮುಷ್ಕರ ಹೂಡುವುದಕ್ಕೂ ಒಂದು ಯೋಗ್ಯತೆ ಬೇಕು. ದಿನಾ ದುಡಿಯುವವನು ಒಂದು ದಿನ ಕೈಕಟ್ಟಿ ಕೂತರೆ ಅದು ಮುಷ್ಕರ. ಊರಿಗೆ ಊರೇ ತಿರುಗಿ ನೋಡುತ್ತದೆ. ದಿನಾ ಕೈಕಟ್ಟಿ ಕೂರುವವನು ಇನ್ನೊಂದು ದಿನವೂ ಹಾಗೇ ಕೂತರೆ ಅದಕ್ಕೆ ಏನೆನ್ನಬೇಕು? ನಮ್ಮ ಸಾಹೇಬರ ಕಷ್ಟ ಶುರುವಾದದ್ದೇ ಇಲ್ಲಿಂದ.

ಸಾಹೇಬರು ಎಂದರೆ ನ್ಯಾಯಾಧೀಶರು. ಹೆತ್ತವರು ಇಟ್ಟ ಹೆಸರು ಕೋಣೆಯ ಬಾಗಿಲ ಮೇಲಿನ ಹಲಗೆಗೆ ಮಾತ್ರ. ಜನರ ಬಾಯಲ್ಲಿ ಅವರು ವಾಯಿದೆ ಸಾಹೇಬರು. ಯಾವ ಮೊಕದ್ದಮೆ ಬರಲಿ, ಎರಡೂ ಕಡೆಯವರ ಮಾತನ್ನು ತಲೆದೂಗುತ್ತ ಕೇಳಿ, ಕೊನೆಗೆ ಮುಂದಿನ ತಿಂಗಳು ನೋಡೋಣ ಎಂದು ವಾಯಿದೆ ಕೊಟ್ಟು ಕಳಿಸುವುದು ಅವರ ಪದ್ಧತಿ. ಸೋಮಾರಿಯಲ್ಲ, ಪಾಪ. ಕೆಟ್ಟವರಂತೂ ಅಲ್ಲವೇ ಅಲ್ಲ. ವಾದಿ ಮಾತಾಡುವಾಗ ವಾದಿಯದೇ ಸರಿ ಅನ್ನಿಸುತ್ತಿತ್ತು. ಪ್ರತಿವಾದಿ ಬಾಯಿ ತೆರೆದರೆ ಅಯ್ಯೋ, ಇವನದೂ ಸರಿಯೇ ಅನ್ನಿಸುತ್ತಿತ್ತು. ಒಬ್ಬನನ್ನು ಗೆಲ್ಲಿಸಿದರೆ ಇನ್ನೊಬ್ಬನ ಮುಖ ಬಾಡುತ್ತದಲ್ಲ ಎನ್ನುವ ಸಂಕಟ. ಹೀಗಾಗಿ ಯಾರ ಮುಖವೂ ಬಾಡದಂತೆ ನೋಡಿಕೊಂಡು ಎಲ್ಲರ ಚಪ್ಪಲಿ ಸವೆಸುತ್ತಿದ್ದರು.

ಇಂಥವರೂ ಮುಷ್ಕರಕ್ಕೆ ಇಳಿದದ್ದು ದೊಡ್ಡ ಮೇಡಂ ಸಲುವಾಗಿ. ದೊಡ್ಡ ಮೇಡಂ ಆ ಕೋರ್ಟಿನ ಹಿರಿಯ ನ್ಯಾಯಾಧೀಶೆ. ಬೀದಿಗೆ ಅಡ್ಡ ಗೋಡೆ ಕಟ್ಟಿಕೊಂಡಿದ್ದ ಒಬ್ಬ ಭಾರಿ ಕುಳಕ್ಕೆ, ಗೋಡೆ ಕೆಡವು ಎಂದು ತೀರ್ಪು ಕೊಟ್ಟರು. ಆತ ಮಂತ್ರಿಗಳಿಗೆ ಬೀಗ. ಗೋಡೆ ಬಿದ್ದ ವಾರದಲ್ಲೇ ಮೇಡಂ ಅವರನ್ನು ಗುಡ್ಡದಾಚೆಯ ಕೋರ್ಟಿಗೆ ಎತ್ತಂಗಡಿ ಮಾಡಿದರು. ಗುಡ್ಡದಾಚೆ ಅಂದರೆ ಕೇಳಬೇಡಿ. ಸೋರುವ ಸೂರು, ಸಂಜೆಯಾದರೆ ಕೈಕೊಡುವ ಕರೆಂಟು, ಮೇಲೆ ಆ ಕಡೆಯ ಜನ. ಒಬ್ಬನ ಹುಂಜ ಇನ್ನೊಬ್ಬನ ಹಿತ್ತಿಲಲ್ಲಿ ಕೂಗಿದರೂ ದಾವೆ ಹೂಡುವಂಥ ಜಗಳಗಂಟರು. ಅಲ್ಲಿಗೆ ಹೋದ ನ್ಯಾಯಾಧೀಶರು ಒಂದೋ ರಾಜೀನಾಮೆ ಕೊಟ್ಟಿದ್ದರು, ಇಲ್ಲವೇ ರಕ್ತದೊತ್ತಡ ಅಂಟಿಸಿಕೊಂಡು ಬಂದಿದ್ದರು.

ಸಾಹೇಬರಿಗೆ ಮೇಡಂ ಅಂದರೆ ಬರೀ ಮೇಲಿನವರಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪೀಠದ ಮೇಲೆ ಕೂತು ಬೆವರುತ್ತಿದ್ದ ಇವರನ್ನು ದಿನಾ ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ತೀರ್ಪು ಬರೆಯುವುದನ್ನು ಕಲಿಸಿದವರು ಅವರು. ಇವರು ಕಲಿತದ್ದು ಎಷ್ಟು ಅನ್ನುವುದು ಬೇರೆ ಮಾತು. ಹೆಂಡತಿ ಆಸ್ಪತ್ರೆಯಲ್ಲಿ ಇಂದೋ ನಾಳೆಯೋ ಎನ್ನುವಂತೆ ಮಲಗಿದ್ದಾಗ, ಮೊದಲು ಹೋಗಿ ಅವಳ ಪಕ್ಕದಲ್ಲಿ ಕೂರಿ ಎಂದು ಗದರಿಸಿ ಕಳಿಸಿ, ಇವರ ಕೇಸುಗಳನ್ನೂ ತಾವೇ ನಡೆಸಿದ್ದರು. ಹೆಂಡತಿ ಎದ್ದು ಓಡಾಡುವಂತಾದ ಮೇಲೆ ಸಾಹೇಬರು ಆ ಋಣ ತೀರಿಸುವ ದಾರಿ ಹುಡುಕುತ್ತಲೇ ಇದ್ದರು. ಸಿಕ್ಕಿರಲಿಲ್ಲ. ಮೇಡಂ ಊರು ಬಿಟ್ಟ ದಿನ ಬಸ್ಸಿನ ಹತ್ತಿರ ಹೋಗಿ, ಹೇಳಬೇಕಾದದ್ದು ಗಂಟಲಲ್ಲೇ ಸಿಕ್ಕಿಕೊಂಡು, ಸುಮ್ಮನೆ ನೀರಿನ ಬಾಟಲಿ ಕೊಟ್ಟು ಬಂದಿದ್ದರು.

ಅದಾದ ಮೇಲೆ ಎಲ್ಲ ನ್ಯಾಯಾಧೀಶರೂ ಸಭೆ ಸೇರಿದರು. ಪಕ್ಕದ ಕೋರ್ಟ್ ಹಾಲಿನ ನ್ಯಾಯಾಧೀಶರಾದ ಮೀಸೆ ಸಾಹೇಬರು ಮುಂದಾಳು. ಮೇಡಂ ವಾಪಸ್ ಬರುವ ತನಕ ಯಾರೂ ಕೆಲಸ ಮಾಡಬಾರದು, ಆದರೆ ಗಲಾಟೆಯೂ ಬೇಡ, ಘೋಷಣೆಯೂ ಬೇಡ ಎಂದು ತೀರ್ಮಾನವಾಯಿತು. ಕರಿ ಕೋಟು ತೊಟ್ಟು ಹೊತ್ತಿಗೆ ಸರಿಯಾಗಿ ಹಾಲಿಗೆ ಬರುವುದು. ಕುರ್ಚಿಯಲ್ಲಿ ಕೂರದೆ ಅದರ ಪಕ್ಕದಲ್ಲಿ ನಿಲ್ಲುವುದು. ಪೆನ್ನು ಮುಟ್ಟಬಾರದು, ಬಾಯಿಯಂತೂ ತೆರೆಯಲೇಬಾರದು. ಯಾಕೆಂದರೆ ಹಾಲಿನಲ್ಲಿ ನ್ಯಾಯಾಧೀಶರು ಏನಂದರೂ ಗುಮಾಸ್ತ ಬರೆದುಕೊಳ್ಳುತ್ತಾನೆ. ಬರೆದುಕೊಂಡರೆ ಕೆಲಸ ನಡೆದ ಹಾಗಾಯಿತು. ಹೀಗೆ ಸ್ವಲ್ಪ ಹೊತ್ತು ನಿಂತು ಪ್ರತಿಭಟನೆ ತೋರಿಸಿ, ಆಮೇಲೆ ಎಲ್ಲರೂ ಒಳಗಿನ ಕೋಣೆಗೆ ಹೋಗಿ ಕೂತುಬಿಡುವುದು ಎಂದರು ಮೀಸೆ ಸಾಹೇಬರು. ಈ ಕೊನೆಯ ಮಾತು ಬಂದಾಗ ನಮ್ಮ ಸಾಹೇಬರು ಹಿಂದಿನ ಸಾಲಿನಲ್ಲಿ ಕೂತು, ಮೇಡಂ ಹೆಸರು ಕೇಳಿ ದುಃಖ ಉಕ್ಕಿ ಬಂದು, ಜೋರಾಗಿ ಮೂಗು ಒರೆಸಿಕೊಳ್ಳುತ್ತಿದ್ದರು. ಅವರಿಗೆ ಕೇಳಿಸಿದ್ದು ನಿಲ್ಲುವುದು ಅನ್ನುವಲ್ಲಿಯವರೆಗೆ.

ಮುಷ್ಕರದ ದಿನ ಬೆಳಗ್ಗೆ ಹೆಂಡತಿ ಕರಿ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ಸಾಹೇಬರು ಇವತ್ತು ತಾವು ಒಂದು ಕೇಸೂ ಮುಗಿಸುವುದಿಲ್ಲ ಎಂದು ಎದೆಯುಬ್ಬಿಸಿ ಹೇಳಿದರು. ಅವಳು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಗಂಡನ ಮುಖ ನೋಡಿದಳು.

"ತಪ್ಪು ತಿಳ್ಕೋಬೇಡಿ. ಬೇರೆಯವರು ಕೆಲಸ ನಿಲ್ಸಿದ್ರೆ ಜನಕ್ಕೆ ಗೊತ್ತಾಗುತ್ತೆ. ನೀವು ನಿಲ್ಸಿದ್ರೆ ಹೇಗೆ ಗೊತ್ತಾಗ್ಬೇಕು?"

ಸಾಹೇಬರು ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿದರು. ಸುಳ್ಳಾಗಿದ್ದರೆ ಸಿಟ್ಟಾದರೂ ಬರುತ್ತಿತ್ತು. ನಿಜ ನೋಡಿ, ಸುಮ್ಮನೆ ಚುಚ್ಚಿತು. ಮೇಡಂಗಾಗಿ ಮಾಡುವ ಒಂದೇ ಒಂದು ಕೆಲಸ, ಅದೂ ಯಾರ ಕಣ್ಣಿಗೂ ಬೀಳದೆ ಹೋಗುವುದೆಂದರೆ ಹೇಗೆ? ನಿಲ್ಲುವುದಾದರೆ ಕಂಬದ ಹಾಗೆ ನಿಲ್ಲುತ್ತೇನೆ, ಕಂಡವರೆಲ್ಲ ಇವರೂ ಮುಷ್ಕರದಲ್ಲಿದ್ದಾರೆ ಅನ್ನಬೇಕು ಎಂದು ನಿಶ್ಚಯಿಸಿಕೊಂಡು ಹೊರಟರು.

ಹಾಲಿನಲ್ಲಿ ಜನ ತುಂಬಿದ್ದರು. ಜವಾನ ಎಲ್ಲರನ್ನೂ ಎಬ್ಬಿಸಿದ, ಸಾಹೇಬರು ಬಂದರು, ಕುರ್ಚಿಯ ಪಕ್ಕದಲ್ಲಿ ನಿಂತರು. ಜನ ಅವರು ಕೂರಲಿ ಎಂದು ಕಾದರು. ಸಾಹೇಬರು ಕೂರಲಿಲ್ಲ. ಕೋರ್ಟಿನ ಶಿಸ್ತು ನಿಮಗೆ ಗೊತ್ತಲ್ಲ: ನ್ಯಾಯಾಧೀಶರು ನಿಂತಿರುವಾಗ ಹಾಲಿನಲ್ಲಿ ಒಂದು ನರಪಿಳ್ಳೆಯೂ ಕೂರುವ ಹಾಗಿಲ್ಲ. ವಕೀಲರು ನಿಂತೇ ಇದ್ದರು, ಗುಮಾಸ್ತರು ನಿಂತೇ ಇದ್ದರು, ಬೆಂಚುಗಳ ತುಂಬ ಕೂತಿದ್ದ ವಾದಿ ಪ್ರತಿವಾದಿಗಳೆಲ್ಲ ನಿಂತೇ ಇದ್ದರು. ಬೆಂಚುಗಳು ಖಾಲಿ ಬಿದ್ದವು.

ಜವಾನ ಸಾಹೇಬರಿಗೆ ಕುರ್ಚಿ ಕಾಣಿಸಲಿಲ್ಲವೇನೋ ಎಂದು ಅದನ್ನು ತಂದು ಮೊಣಕಾಲಿಗೆ ತಾಗಿಸಿದ. ಸಾಹೇಬರು ಪಕ್ಕಕ್ಕೆ ಸರಿದರು. ಅವನೂ ಕುರ್ಚಿಯೊಂದಿಗೆ ಸರಿದ. ಆಮೇಲೆ ಏನೋ ಹೊಳೆದವನ ಹಾಗೆ ಕುರ್ಚಿಯನ್ನು ತಲೆಕೆಳಗು ಮಾಡಿ ತಿಗಣೆ ಹುಡುಕತೊಡಗಿದ. ದಪ್ಪ ವಕೀಲರು, ಅಂದರೆ ಆ ಹಾಲಿನ ಅರ್ಧ ಕೇಸುಗಳನ್ನು ನಡೆಸುತ್ತಿದ್ದ ಧಡೂತಿ ಮನುಷ್ಯ, ಮೆಲ್ಲಗೆ ಪೀಠದ ಹತ್ತಿರ ಬಂದು, ಕುರು ಎದ್ದಿದ್ದರೆ ನಾಚಿಕೊಳ್ಳಬೇಡಿ, ನಮ್ಮ ಭಾವ ಒಳ್ಳೆ ಮುಲಾಮು ಕೊಡುತ್ತಾರೆ ಎಂದು ಪಿಸುಗುಟ್ಟಿದರು. ಸಾಹೇಬರ ಕಿವಿ ಕೆಂಪಾಯಿತು. ಬಾಯಿ ತೆರೆಯುವಂತಿಲ್ಲ. ಗುಮಾಸ್ತರು ಪೆನ್ನು ಹಿಡಿದು ಕಾಯುತ್ತಲೇ ಇದ್ದರು.

ಅಷ್ಟರಲ್ಲಿ ಹೊರಗಿನಿಂದ ಯಾರೋ ಸುದ್ದಿ ತಂದರು. ಎಲ್ಲ ಹಾಲುಗಳಲ್ಲೂ ನ್ಯಾಯಾಧೀಶರು ಕೆಲಸ ಬಿಟ್ಟಿದ್ದಾರಂತೆ, ದೊಡ್ಡ ಮೇಡಂಗೋಸ್ಕರ. ಹಾಗಾದರೆ ನಮ್ಮವರೂ ಮುಷ್ಕರದಲ್ಲಿದ್ದಾರೆ ಅನ್ನಿ ಎಂದ ಒಬ್ಬ. ಇವರು ಮುಷ್ಕರ ಬಿಟ್ಟದ್ದು ಯಾವತ್ತು ಎಂದ ಇನ್ನೊಬ್ಬ. ಹಾಲೆಲ್ಲ ನಕ್ಕಿತು. ಸಾಹೇಬರು ಫ್ಯಾನಿನ ಕಡೆ ನೋಡುತ್ತ ನಿಂತರು. ಕಣ್ಣು ಸ್ವಲ್ಪ ಮಂಜಾದದ್ದು ಫ್ಯಾನಿನ ಗಾಳಿಗೆ ಎಂದು ತಮಗೆ ತಾವೇ ಹೇಳಿಕೊಂಡರು.

ನಗು ನಿಂತದ್ದು ಸ್ವಲ್ಪ ಹೊತ್ತಿನ ಮೇಲೆ, ಕಾಲು ನೋಯಲು ಶುರುವಾದಾಗ. ಬೇರೆ ಹಾಲುಗಳಲ್ಲಿ ನ್ಯಾಯಾಧೀಶರು ಒಳಗೆ ಹೋದ ಕೂಡಲೇ ಗುಮಾಸ್ತರೇ ಮುಂದಿನ ತಾರೀಕು ಕೊಟ್ಟು ಜನರನ್ನು ಕಳಿಸಿದ್ದರು. ಇಲ್ಲಿ ಸಾಹೇಬರೇ ಎದುರಿಗೆ ನಿಂತಿದ್ದಾರೆ. ಅವರಿರುವಾಗ ಗುಮಾಸ್ತರು ಹೇಗೆ ಕೊಟ್ಟಾರು? ತಾರೀಕು ಇಲ್ಲದೆ ಹೊರಟು ಹೋದರೆ ಗೈರುಹಾಜರಿ, ಕೇಸು ವಜಾ. ಹೋಗುವಂತಿಲ್ಲ, ಕೂರುವಂತಿಲ್ಲ. ಜನ ನಿಧಾನಕ್ಕೆ ವಿಷಯ ಅರ್ಥ ಮಾಡಿಕೊಂಡು ಬೆವೆತರು. ವಾಯಿದೆ ಸಾಹೇಬರು ಇವತ್ತು ವಾಯಿದೆಯನ್ನೇ ಕೊಡುತ್ತಿಲ್ಲ.

ಆ ಹಾಲಿನಲ್ಲಿ ಬಹಳ ಹಳೆಯ ದಾವೆಯೊಂದಿತ್ತು, ಅಣ್ಣತಮ್ಮಂದಿರದು. ಅಣ್ಣನದು ಸೈಕಲ್ ರಿಪೇರಿ ಅಂಗಡಿ, ತಮ್ಮನದು ಹಿಟ್ಟಿನ ಗಿರಣಿ. ಅಪ್ಪನ ಮನೆ ಪಾಲಾದಾಗ ಎಲ್ಲ ಸರಿಯಾಗಿ ಎರಡು ಭಾಗವಾಯಿತು, ಮಹಡಿಗೆ ಹೋಗುವ ಮೆಟ್ಟಿಲು ಮಾತ್ರ ನಡುವೆ ಉಳಿಯಿತು. ಅದು ಯಾರದ್ದು ಅನ್ನುವುದಕ್ಕೆ ಇಬ್ಬರೂ ತಲೆ ನರೆಯುವ ತನಕ ಕೋರ್ಟಿಗೆ ಅಲೆದಿದ್ದರು. ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಈಗ ಇಬ್ಬರೂ ಅಕ್ಕಪಕ್ಕ ನಿಂತಿದ್ದರು. ಅಣ್ಣನಿಗೆ ಮೊಣಕಾಲು ನೋವು. ಒಮ್ಮೆ ಈ ಕಾಲಿಗೆ, ಒಮ್ಮೆ ಆ ಕಾಲಿಗೆ ಭಾರ ಹಾಕುತ್ತಿದ್ದ. ತಮ್ಮ ನೋಡಿಯೂ ನೋಡದವನ ಹಾಗೆ ನಿಂತಿದ್ದವನು ಕೊನೆಗೆ ತಡೆಯಲಾರದೆ ಭುಜ ಮುಂದೆ ಮಾಡಿದ.

"ಒರಗ್ಕೋ."

"ಬೇಡ."

"ಒರಗ್ಕೋ ಅಣ್ಣ. ಬಿದ್ರೆ ಮನೆಗೆ ಹೊತ್ಕೊಂಡು ಹೋಗ್ಬೇಕಾದೋನು ನಾನೇ. ಮೆಟ್ಟಿಲು ಹತ್ತಿಸ್ಬೇಕಾದೋನೂ ನಾನೇ."

"ಯಾರ ಮೆಟ್ಟಿಲು?" ಎಂದ ಅಣ್ಣ. ಹಳೇ ಅಭ್ಯಾಸ, ಬಾಯಿಂದ ತಾನಾಗಿ ಬಂತು.

ತಮ್ಮ ಭುಜ ಇನ್ನಷ್ಟು ಹತ್ತಿರ ತಂದ. "ಯಾರದ್ದಾದ್ರೂ ಆಗ್ಲಿ ಮಾರಾಯ. ಮೊದ್ಲು ಹೋಗಿ ಅದರ ಮೇಲೆ ಕೂತ್ಕೊಳ್ಳೋಣ."

ಅಣ್ಣ ತಮ್ಮನ ಭುಜಕ್ಕೆ ಒರಗಿದ. ಒರಗಿದವನು ಹಾಗೇ ಬಿಕ್ಕಿದ. ಇಬ್ಬರೂ ಪೀಠದ ಮುಂದೆ ಬಂದು, ನಮಗೆ ಈ ಕೇಸು ಸಾಕು, ಮನೆಗೆ ಹೋಗುತ್ತೇವೆ ಎಂದರು. ಸಾಹೇಬರು ಗಾಬರಿಯಾದರು. ತಮ್ಮದೇ ಹಾಲಿನಲ್ಲಿ, ಮುಷ್ಕರದ ದಿನ, ಒಂದು ಕೇಸು ಇತ್ಯರ್ಥವಾಗುವುದೇ! ಬೇಡ, ಬೇಡ ಎಂದು ಎರಡೂ ಕೈ ಎತ್ತಿ ಅಲ್ಲಾಡಿಸಿದರು. ಅಣ್ಣತಮ್ಮಂದಿರು ಅದನ್ನು ಆಶೀರ್ವಾದ ಎಂದುಕೊಂಡು ತಲೆ ಬಾಗಿಸಿದರು. ಅಣ್ಣ ಹೋಗುವಾಗ ತಿರುಗಿ ನಿಂತು ಹೇಳಿದ:

"ಇಷ್ಟು ವರ್ಷ ಬುದ್ಧಿ ಹೇಳಿದೋರು ಎಷ್ಟೋ ಜನ ಇದ್ರು ಸ್ವಾಮಿ. ನಮಗೋಸ್ಕರ ಹೀಗೆ ಕಾಲು ನೋಯಿಸ್ಕೊಂಡು ನಿಂತೋರು ನೀವೊಬ್ರೇ. ನಿಮ್ಮ ಉಪಕಾರ ಮರೆಯಲ್ಲ."

ಬೇಲಿ ಮುರಿದ ಮೇಲೆ ದನ ನಿಲ್ಲುತ್ತವೆಯೇ? ರಾಜಿಯಾದರೆ ಮನೆಗೆ ಹೋಗಬಹುದು, ಹೋಗಿ ಕೂರಬಹುದು ಅನ್ನುವುದು ಎಲ್ಲರಿಗೂ ತಿಳಿಯಿತು. ಸಂಗೀತದ ಮೇಷ್ಟ್ರು ಬೆಳಗಿನ ಜಾವ ತಂಬೂರಿ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟರು. ಅವರೊಡನೆ ಕೇಸಾಡುತ್ತಿದ್ದ ಮೇಲಿನ ಮನೆಯಾಕೆ ಒನಕೆಯಿಂದ ನೆಲ ಕುಟ್ಟುವುದಿಲ್ಲ ಎಂದಳು. ಅತ್ತೆ ಸೊಸೆ ಇಬ್ಬರು ಗೋಡೆಗೆ ಬೆನ್ನು ಹಚ್ಚಿ, ಇಬ್ಬರ ಕಾಲಿಗೂ ಇನ್ನು ಆಗುವುದಿಲ್ಲ ಅನ್ನುವ ಒಂದು ವಿಷಯದಲ್ಲಿ ಮೊದಲ ಬಾರಿಗೆ ಒಮ್ಮತಕ್ಕೆ ಬಂದು, ಉಳಿದದ್ದನ್ನೂ ಹಾಗೇ ಇತ್ಯರ್ಥ ಮಾಡಿಕೊಂಡರು. ದಪ್ಪ ವಕೀಲರು ಮೊದಮೊದಲು ತಮ್ಮ ಕಕ್ಷಿದಾರರನ್ನು ತಡೆದು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಅವರೇ ಎರಡೂ ಕಡೆಯವರ ಕೈ ಹಿಡಿದು ಕೈಗೆ ಸೇರಿಸುತ್ತ, ಬೇಗ ಬೇಗ ಎನ್ನುತ್ತಿದ್ದರು. ರಾಜಿಯ ಕಾಗದ ಆಮೇಲೆ ಮಾಡಿಕೊಂಡರಾಯಿತು, ಮೊದಲು ಮನಸ್ಸು ಸರಿಹೋಗಲಿ ಎಂದು ಉಪದೇಶ ಬೇರೆ.

ಸಾಹೇಬರ ಪಾದ ಊದಿ ಬೂಟು ಬಿಗಿಯಾಗಿತ್ತು. ಒಂದು ಸಲ ಕುರ್ಚಿಯ ಕೈ ಹಿಡಿದು, ಕೂತೇಬಿಡೋಣ ಅಂದುಕೊಂಡರು. ಅಷ್ಟರಲ್ಲಿ ಬಸ್ಸಿನ ಕಿಟಕಿಯಲ್ಲಿ ಕಂಡ ಮೇಡಂ ಮುಖ ನೆನಪಾಯಿತು. ಕೈ ತೆಗೆದುಬಿಟ್ಟರು. ಬಾಗಿಲ ಬಳಿ ಬೇರೆ ಹಾಲಿನ ಜನ, ಯಾರೋ ಕ್ಯಾಮೆರಾದವರು, ಎಲ್ಲ ಬಂದು ಇಣುಕಿ ಹೋಗುತ್ತಿದ್ದರು. ಸಾಹೇಬರಿಗೆ ಅದೊಂದೂ ಬೇಕಿರಲಿಲ್ಲ. ಹೋಗುವವರೆಲ್ಲ ಪೀಠದ ಮುಂದೆ ಬಂದು ಕಣ್ಣು ಒದ್ದೆ ಮಾಡಿಕೊಂಡು ಉಪಕಾರ ಹೇಳಿ ಹೋಗುತ್ತಿದ್ದರೆ ಇವರು ಒಳಗೊಳಗೇ ಅಯ್ಯೋ, ಇನ್ನೊಂದು ಮುಗಿಯಿತಲ್ಲಪ್ಪ ಎಂದು ಕೊರಗುತ್ತಿದ್ದರು. ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ಅವರಿಗೆ ಧನ್ಯವಾದ ಹೇಳಿರಲಿಲ್ಲ. ಹೇಳಿದ ದಿನ ನೋಡಿ, ತೆಗೆದುಕೊಳ್ಳುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಸಂಜೆ ಹಾಲು ಖಾಲಿಯಾದ ಮೇಲೆ ಮೀಸೆ ಸಾಹೇಬರು ನುಗ್ಗಿ ಬಂದರು. ಮೀಸೆ ಅದುರುತ್ತಿತ್ತು.

"ಏನ್ರೀ ಮಾಡಿದ್ರಿ ನೀವು? ನಾವೆಲ್ಲ ಕೆಲಸ ನಿಲ್ಸಿ ಕೂತಿದ್ರೆ, ಇಡೀ ವರ್ಷದಲ್ಲಿ ಮುಗಿಸದಷ್ಟು ಕೇಸು ಒಂದೇ ದಿನ ಮುಗಿಸಿದ್ದೀರಲ್ರೀ."

"ನಾನು ಬಾಯೇ ತೆರೆದಿಲ್ಲ ಸರ್."

"ಅದೇ ಎಡವಟ್ಟಾಗಿದ್ದು. ತೆರೆದಿದ್ರೆ ಒಂದೂ ಮುಗೀತಿರ್ಲಿಲ್ಲ."

ಸ್ವಲ್ಪ ಹೊತ್ತು ನಿಂತು ಒಳಗೆ ಹೋಗಿ ಕೂರಬೇಕೆಂದು ಸಭೆಯಲ್ಲಿ ಹೇಳಿದ್ದು ಸಾಹೇಬರಿಗೆ ಗೊತ್ತಾದದ್ದು ಆಗಲೇ. ನಾಳೆ ಸರ್ಕಾರದವರು ಇದನ್ನೇ ಹಿಡಿದುಕೊಂಡು ಮುಷ್ಕರ ಮುರಿಯಿತು ಅನ್ನುತ್ತಾರೆ, ಮೇಡಂ ಗತಿ ಅಷ್ಟೇ ಎಂದು ಶಾಪ ಹಾಕಿ ಮೀಸೆ ಸಾಹೇಬರು ಹೊರಟುಹೋದರು. ಸಾಹೇಬರು ಕುಂಟುತ್ತ ಮನೆಯ ದಾರಿ ಹಿಡಿದರು. ಸೈಕಲ್ ಅಂಗಡಿಯ ಪಕ್ಕದ ಮನೆಯಲ್ಲಿ ಅಣ್ಣ ತಮ್ಮ ಇಬ್ಬರೂ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದವರು ಎದ್ದು ನಿಂತರು. ಕೂರಿ, ಕೂರಿ ಎಂದು ಸಾಹೇಬರು ಗಾಬರಿಯಿಂದ ಕೈಸನ್ನೆ ಮಾಡಿ ಮುಂದೆ ನಡೆದರು. ಆ ಇಬ್ಬರ ಮುಖ ನೋಡಿ ಒಂದು ಗಳಿಗೆ ಹೊಟ್ಟೆ ತಣ್ಣಗಾದದ್ದು ಸುಳ್ಳಲ್ಲ. ಮರುಗಳಿಗೆಗೆ ಮತ್ತೆ ಮೇಡಂ ನೆನಪು.

ಹೆಂಡತಿ ಬಕೆಟ್ಟಿನಲ್ಲಿ ಬಿಸಿನೀರು ತಂದಿಟ್ಟಳು. ಅದರಲ್ಲಿ ಪಾದ ಇಳಿಬಿಟ್ಟುಕೊಂಡು ಸಾಹೇಬರು ನಡೆದದ್ದೆಲ್ಲ ಹೇಳಿದರು. ಆ ಪುಣ್ಯಾತ್ಗಿತ್ತಿಗೆ ಉಪಕಾರ ಮಾಡಲು ಹೋಗಿ ಅಪಕಾರ ಮಾಡಿ ಬಂದೆನಲ್ಲೇ ಎಂದು ತಲೆಗೆ ಕೈ ಹೊತ್ತರು. ಬೆಳಗ್ಗೆ ಅಷ್ಟು ಚುಚ್ಚಿದ್ದ ಹೆಂಡತಿ ಈಗ ಕಾಲು ಒತ್ತುತ್ತ ಕೂತಳು. ಅಷ್ಟರಲ್ಲಿ ಫೋನು ಬಂತು. ಮೇಡಂ. ಸಾಹೇಬರು ಬಕೆಟ್ಟಿನಲ್ಲೇ ಎದ್ದು ನಿಂತರು.

"ಗುಡ್ಡ ಹತ್ತಿ ಮಾತಾಡ್ತಿದೀನಿ, ಕೆಳಗೆ ಸಿಗ್ನಲ್ ಸಿಗಲ್ಲ," ಎಂದರು ಮೇಡಂ. ಏದುಸಿರು ಬಿಡುತ್ತಿದ್ದರು. "ನನ್ನ ವರ್ಗ ರದ್ದಾಯ್ತು ಕಣ್ರೀ. ನಾಳೆ ಬರ್ತಿದೀನಿ. ಎಲ್ಲ ನಿಮ್ಮಿಂದ."

ಸಾಹೇಬರಿಗೆ ತಲೆಬುಡ ತಿಳಿಯಲಿಲ್ಲ. ಮೇಡಂ ಬಿಡಿಸಿ ಹೇಳಿದರು. ಬೇರೆ ಹಾಲುಗಳಲ್ಲಿ ನ್ಯಾಯಾಧೀಶರು ನಿಂತು ಒಳಗೆ ಹೋದದ್ದನ್ನು ಸರ್ಕಾರ ಕಿವಿಗೇ ಹಾಕಿಕೊಂಡಿರಲಿಲ್ಲ. ಆದರೆ ಒಂದು ಹಾಲಿನ ಚಿತ್ರ ಮಾತ್ರ ಟೀವಿಯಲ್ಲಿ ಮಧ್ಯಾಹ್ನದಿಂದ ಬಂದದ್ದೇ ಬಂದದ್ದು. ಖಾಲಿ ಬೆಂಚುಗಳ ಮುಂದೆ ಮುದುಕರು, ಹೆಂಗಸರು, ವಕೀಲರು, ಗುಮಾಸ್ತರು, ಎಲ್ಲ ನ್ಯಾಯಾಧೀಶರ ಜೊತೆ ಗಂಟೆಗಟ್ಟಲೆ ಮೌನವಾಗಿ ನಿಂತಿದ್ದಾರೆ. ಕೆಲವರ ಕಣ್ಣಲ್ಲಿ ನೀರು. ನ್ಯಾಯಾಧೀಶರ ಜೊತೆ ಜನವೂ ಎದ್ದು ನಿಂತರು, ಇನ್ನು ಊರೇ ಏಳುತ್ತದೆ ಎಂದು ಮಂತ್ರಿಗಳು ಹೆದರಿದರು. ಸಂಜೆಗೆ ಆದೇಶ ವಾಪಸ್.

ಸಾಹೇಬರು ಬಕೆಟ್ಟಿನೊಳಗೆ ನಿಂತೇ ಅತ್ತರು. ಬಸ್ಸಿನ ಹತ್ತಿರ ಗಂಟಲಲ್ಲಿ ಸಿಕ್ಕಿಕೊಂಡದ್ದು ಈಗ ಹೊರಗೆ ಬಂತು. ಇದು ನಾನು ಮಾಡಿದ್ದಲ್ಲ ಮೇಡಂ, ನಿಮ್ಮ ಋಣ ನನ್ನನ್ನು ನಿಲ್ಲಿಸಿತು, ನನ್ನ ಹೆಂಡತಿ ಇವತ್ತು ನನ್ನೆದುರು ಕೂತಿದ್ದಾಳೆ ಅಂದರೆ ಅದು ನಿಮ್ಮಿಂದ ಎಂದು ಒಂದೇ ಉಸಿರಿಗೆ ಹೇಳಿದರು. ಮೇಡಂ ಅಷ್ಟಕ್ಕೆ ಬಿಡಲಿಲ್ಲ.

"ನೀವು ಇಷ್ಟು ಮಾಡಿದ ಮೇಲೆ ನಾನು ಸುಮ್ನಿರೋಕಾಗುತ್ತಾ? ಗುಡ್ಡದಾಚೆ ಜಾಗ ಖಾಲಿ ಬಿಡೋ ಹಾಗಿಲ್ಲ, ಯಾರಾದ್ರೂ ಒಬ್ಬರ ಹೆಸರು ಹೇಳಿ ಅಂದ್ರು ಮೇಲಿನವರು. ಇಂಥ ಜಗಳಗಂಟರ ಊರಿಗೆ, ಬಾಯಿ ತೆರೀದೆ ಒಂದು ಹಾಲ್ ತುಂಬ ಕೇಸು ರಾಜಿ ಮಾಡ್ಸೋ ಮನುಷ್ಯ ನಮ್ಮಲ್ಲಿ ಒಬ್ಬರೇ ಇರೋದು ಅಂದೆ. ತಕ್ಷಣ ಒಪ್ಪಿದ್ರು. ನಾಳೆ ನಾನು ಬರೋ ಬಸ್ಸೇ ವಾಪಸ್ ಇಲ್ಲಿಗೆ ಬರುತ್ತೆ. ದಿನವಿಡೀ ನಿಂತು ಸಾಕಾಗಿದೀರಿ ಪಾಪ, ಕಿಟಕಿ ಪಕ್ಕ ನಿಮ್ಮಿಬ್ಬರಿಗೂ ಸೀಟು ಹಿಡಿದಿಡೋಕೆ ಹೇಳಿದೀನಿ."

ಸಾಹೇಬರು ಬಾಯಿ ತೆರೆದರು. ಆಗುವುದಿಲ್ಲ ಅನ್ನಬೇಕೆಂದಿತ್ತು. ಗುಡ್ಡದ ಮೇಲೆ ಅಷ್ಟೊಂದು ಸಂತೋಷದಿಂದ ಏದುಸಿರು ಬಿಡುತ್ತಿರುವ ಆ ಹಿರಿಯ ಹೆಂಗಸಿನ ಮುಖ ಬಾಡಿಸಲು ಅವರಿಂದ ಹೇಗಾದೀತು?

"ಬಹಳ ಉಪಕಾರ ಆಯ್ತು ಮೇಡಂ," ಎಂದರು. ಆಶ್ಚರ್ಯವೆಂದರೆ, ಅದು ಮನಸ್ಸಿನಿಂದಲೇ ಬಂದಿತ್ತು.

ಹೆಂಡತಿಗೆ ಎಲ್ಲ ಕೇಳಿಸಿತ್ತು. ಅವಳು ಗಂಡನ ಕಾಲು ಒರೆಸಿ, ಅಟ್ಟದ ಮೇಲಿದ್ದ ದೊಡ್ಡ ಪೆಟ್ಟಿಗೆ ಇಳಿಸಿಕೊಡಿ ಎಂದಳು. ಸಾಹೇಬರು ಊದಿದ ಪಾದ ಊರಿಕೊಂಡು ಸ್ಟೂಲು ಹತ್ತಿದರು.